ನೀರಿನ ಅಣುವಿಗೆ ಸೊಂಟ ಯಾಕೆ ಡೊಂಕು?

ಪುಟಾಣಿಗಳೇ, ಒಂದೇ ಗಾತ್ರಕ್ಕೆ ಊದಿದ ನಾಲ್ಕು ಬಲೂನು ತಗೊಳ್ಳಿ. ಎರಡೆರಡರ ಬಾಯಿ ಸೇರಿಸಿ ಗಂಟು ಹಾಕಿ, ಆಮೇಲೆ ಎರಡೂ ಜೋಡಿಗಳನ್ನು ನಡುವಿನಲ್ಲಿ ಹೊಸೆಯಿರಿ. ಮೇಜಿನ ಮೇಲಿಟ್ಟರೆ ಮೂರು ಬಲೂನು ಕಾಲಿನಂತೆ ಕೆಳಗೆ, ಒಂದು ತಲೆಯಂತೆ ಮೇಲೆ! ಅದುಮಿ ಚಪ್ಪಟೆ ಮಾಡಿದರೂ ಕೈ ಬಿಟ್ಟ ಕೂಡಲೇ ಮತ್ತೆ ಹಾಗೇ ನಿಲ್ಲುತ್ತವೆ. ಒಂದನ್ನೊಂದು ಆದಷ್ಟು ದೂರ ತಳ್ಳಿದಾಗ ಸಿಗುವ ಆಕಾರ ಅದು. ಎರಡೇ ಬಲೂನು ಇದ್ದರೆ? ಎದುರುಬದುರು, ನೇರ ಗೆರೆ.

ಅಣುಗಳೂ ಹೀಗೆಯೇ. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಂಡು ಅಂಟಿಕೊಳ್ಳುವುದೇ ಸಹವೇಲೆನ್ಸಿ ಬಂಧ. ಇಬ್ಬರು ಒಂದೇ ಕೊಡೆ ಹಿಡಿದು ನಡೆದ ಹಾಗೆ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಈ ಹಂಚಿಕೆಯ ವಿಚಾರ ಮುಂದಿಟ್ಟರು.

ಈಗ ನೀರು. ಆಕ್ಸಿಜನ್‌ನ ಹೊರಕವಚದಲ್ಲಿ 6 ಎಲೆಕ್ಟ್ರಾನ್. ಎರಡನ್ನು ಎರಡು ಹೈಡ್ರೋಜನ್‌ಗಳ ಜತೆ ಹಂಚಿಕೊಂಡ ಮೇಲೆ ನಾಲ್ಕು ಉಳಿದವು, ಅಂದರೆ ಎರಡು ಜೋಡಿ. ಇವಕ್ಕೆ ಯಾವ ಬಂಧವೂ ಇಲ್ಲ, ಆದರೆ ಜಾಗ ಮಾತ್ರ ಬೇಕೇ ಬೇಕು! ಒಟ್ಟು ನಾಲ್ಕು ಬಲೂನು ಆಯಿತಲ್ಲ? ಒಂಟಿ ಜೋಡಿಗಳು ಸ್ವಲ್ಪ ದಪ್ಪ ಬಲೂನುಗಳು. ಹೈಡ್ರೋಜನ್‌ಗಳನ್ನು ಹತ್ತಿರಕ್ಕೆ ನೂಕುತ್ತವೆ. ಒಂಟಿ ಜೋಡಿಯೇ ಇಲ್ಲದ ಮೀಥೇನ್‌ನಲ್ಲಿ ಕೋನ 109.5 ಡಿಗ್ರಿ, ಒಂದಿರುವ ಅಮೋನಿಯದಲ್ಲಿ ಸುಮಾರು 107, ಎರಡಿರುವ ನೀರಿನಲ್ಲಿ 104.5. ಎಚ್-ಟು-ಓ ಎಂದು ಬರೆದರೆ ಈ ಡೊಂಕು ಕಾಣುವುದೇ ಇಲ್ಲ. ಸೂತ್ರದ ಪಕ್ಕ ಚಿತ್ರವನ್ನೂ ಬಿಡಿಸುವುದು ಒಳ್ಳೆಯ ಅಭ್ಯಾಸ.

ಕಾರ್ಬನ್ ಡೈ ಆಕ್ಸೈಡ್‌ನ ನಡುವಿನ ಕಾರ್ಬನ್‌ಗೆ ಒಂಟಿ ಜೋಡಿ ಇಲ್ಲ, ಎರಡೇ ಪಕ್ಕ. ಹಾಗಾಗಿ ಅದು ನೆಟ್ಟಗೆ, 180 ಡಿಗ್ರಿ.

ಡೊಂಕಾದರೆ ಏನಾಯಿತು ಅನ್ನುತ್ತೀರಾ? ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಜಗ್ಗುತ್ತದೆ. ನೇರ ಅಣುವಿನಲ್ಲಿ ಎರಡು ಕಡೆಯ ಜಗ್ಗಾಟ ಸರಿಸಮವಾಗಿ ರದ್ದಾಗುತ್ತದೆ. ನೀರಿನಲ್ಲಿ ರದ್ದಾಗದೆ ಆಕ್ಸಿಜನ್ ಬದಿ ಕೊಂಚ ಋಣ, ಹೈಡ್ರೋಜನ್ ಬದಿ ಕೊಂಚ ಧನ ಆಗುತ್ತದೆ. ಒಂದು ಅಣುವಿನ ಧನ ತುದಿಯನ್ನು ಪಕ್ಕದ್ದರ ಋಣ ತುದಿ ಹಿಡಿದುಕೊಳ್ಳುತ್ತದೆ. ಕಾರ್ಬನ್ ಡೈ ಆಕ್ಸೈಡ್ ಅಣು ನೀರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ಆದರೂ ಅದು ಗಾಳಿಯಲ್ಲಿ ತೇಲಾಡುತ್ತದೆ, ಹಗುರವಾದ ನೀರು ಬಿಂದಿಗೆಯಲ್ಲಿ ಕೂತಿರುತ್ತದೆ!

ಅಡುಗೆಮನೆಯಲ್ಲೇ ಇನ್ನೊಂದು ನೋಡಿ. ಒಂದು ಲೋಟ ನೀರಿಗೂ ಒಂದಿಷ್ಟು ಎಣ್ಣೆಗೂ ಚಿಟಿಕೆ ಉಪ್ಪು ಹಾಕಿ ಕದಡಿ. ನೀರಿನ ಅಣುಗಳು ತಮ್ಮ ಎರಡು ತುದಿಗಳಿಂದ ಉಪ್ಪಿನ ಧನ, ಋಣ ಕಣಗಳನ್ನು ಸುತ್ತುವರಿದು ಎಳೆದೊಯ್ಯುತ್ತವೆ. ಎಣ್ಣೆಯ ಅಣುವಿಗೆ ಅಷ್ಟು ಬಲವಾದ ತುದಿಗಳಿಲ್ಲ. ಉಪ್ಪಿನ ಹರಳು ತಳದಲ್ಲಿ ಹಾಗೇ ಮಲಗಿರುತ್ತದೆ.