ಗುಪ್ತಭಕ್ತಿ ಮತ್ತು ಗೂಢಚರ್ಯೆ



ದಾವಣಗೆರೆಯ ಎಸ್.ಎಸ್. ಬಡಾವಣೆಯ ಭಕ್ತರೊಬ್ಬರ ಮನೆಯಲ್ಲಿ ಗುಪ್ತ ಮಂಚಣ್ಣನವರ ವಚನಗಳನ್ನು ಕುರಿತು ಚಿಂತನಗೋಷ್ಠಿ ನಡೆದಾಗ, ಎಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬನು ಎದ್ದು ನಿಂತು ಕೇಳಿದನು: "ಹೊರಗೊಂದು, ಒಳಗೊಂದಾಗಿ ಬಾಳಿದವರು ಎನ್ನುತ್ತೀರಿ. ಹಾಗಾದರೆ ಅವರೂ ಒಬ್ಬ ಗೂಢಚಾರರೇ ಅಲ್ಲವೆ?" ಹಿರಿಯರು ಕೆಲವರು ನಕ್ಕರು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಇಂದಿನ ಅನೇಕ ತರುಣ ತರುಣಿಯರ ಮನದಲ್ಲಿರುವ ಹಂಬಲವೊಂದು ಆ ಪ್ರಶ್ನೆಯ ಒಳಗಿದೆ. ಅದನ್ನು ಕುರಿತು ಚಿಂತಿಸುವುದು ನಮ್ಮ ಕರ್ತವ್ಯ.

ಆ ಹಂಬಲ ಯಾವುದು? ನೋಡುವವರ ಕಣ್ಣಿಗೆ ತಾನೊಬ್ಬ ಸಾಮಾನ್ಯ. ಆದರೆ ಯಾರೂ ಅರಿಯದ ಮಹತ್ಕಾರ್ಯವೊಂದನ್ನು ತನಗೆ ಒಪ್ಪಿಸಲಾಗಿದೆ. ಎಲ್ಲೋ ಒಂದು ದೊಡ್ಡ ಶಕ್ತಿ ತನ್ನನ್ನೇ ಆರಿಸಿಕೊಂಡಿದೆ ಎಂಬ ಭಾವನೆಯ ಹಂಬಲ. ಬಸ್ಸಿನಲ್ಲಿ ನೂಕುನುಗ್ಗಲಿನ ನಡುವೆ ನಿಂತವನಿಗೂ, ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೂ ಈ ಕನಸು ಒಮ್ಮೆಯಾದರೂ ಬಂದಿರುತ್ತದೆ. ಗೂಢಚಾರನ ಕಥೆಗಳು ನಮ್ಮನ್ನು ಸೆಳೆಯುವುದು ಬಂದೂಕಿನಿಂದಾಗಲಿ ಕಾರಿನ ವೇಗದಿಂದಾಗಲಿ ಅಲ್ಲ. ಕಾಣುವ ಬಾಳಿನ ಹಿಂದೆ ಕಾಣದ ಅರ್ಥವೊಂದಿದೆ ಎಂಬ ಭರವಸೆಯಿಂದ.

ಕನ್ನಡನಾಡು ಈ ಸೆಳೆತವನ್ನು ಚೆನ್ನಾಗಿ ಬಲ್ಲುದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ನಮ್ಮ ತಂದೆ ತಾತಂದಿರ ತಲೆಮಾರು ಬಾಡಿಗೆಗೆ ತಂದು ಓದಿತು. 1968ರಲ್ಲಿ ದೊರೆ-ಭಗವಾನ್ ನಿರ್ದೇಶನದ 'ಜೇಡರ ಬಲೆ' ಚಿತ್ರದಲ್ಲಿ ಡಾ. ರಾಜಕುಮಾರ್ ಅವರು ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು. ಭಕ್ತನ, ರಾಜನ ಪಾತ್ರಗಳಲ್ಲಿ ಕಂಡವರನ್ನು ಗೂಢಚಾರನಾಗಿಯೂ ಕಂಡು ಜನ ಸಂತೋಷಪಟ್ಟರು. ಅದೇ 1968ರಲ್ಲಿ ಭಾರತ ಸರ್ಕಾರವು ಹೊರದೇಶಗಳ ಗುಪ್ತವಾರ್ತೆಗಾಗಿ 'ರಾ' ಎಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು. ಒಂದು ತೆರೆಯ ಮೇಲಿನ ಕಥೆ, ಇನ್ನೊಂದು ತೆರೆಯ ಹಿಂದಿನ ಕಚೇರಿ. ತರುಣರ ಮನದಲ್ಲಿ ಎರಡೂ ಬೆರೆತುಹೋಗಿವೆ.

ಆದರೆ ಗೂಢಚರ್ಯೆಯ ನಿಜಸ್ವರೂಪವನ್ನು ಅರಿಯಲು ಸಿನಿಮಾಕ್ಕಿಂತ ಹಳೆಯದಾದ, ನಮ್ಮ ನಾಡಿನಲ್ಲಿಯೇ ಬೆಳಕಿಗೆ ಬಂದ ಗ್ರಂಥವೊಂದಿದೆ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ವಿದ್ವಾನ್ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ಅದರ ಮೊದಲನೆಯ ಅಧಿಕರಣದಲ್ಲಿಯೇ 'ಗೂಢಪುರುಷ'ರನ್ನು ನೇಮಿಸುವ ವಿಧಾನ ಬರುತ್ತದೆ. ಆ ಪುಟಗಳನ್ನು ಓದಿದವನಿಗೆ ಗೂಢಚಾರನಾಗುವ ಕನಸು ಹಾಗೆಯೇ ಉಳಿಯುವುದು ಕಷ್ಟ.

ಕೌಟಿಲ್ಯನು ಯಾರನ್ನು ಆರಿಸಿಕೊಳ್ಳಲು ಹೇಳುತ್ತಾನೆ ಎಂಬುದನ್ನು ಗಮನಿಸಬೇಕು. ಮೊದಲನೆಯವನು ಕಾಪಟಿಕ, ಪರರ ಮರ್ಮವನ್ನು ಬಲ್ಲ, ಎದೆಗಾರಿಕೆಯುಳ್ಳ ವಿದ್ಯಾರ್ಥಿ. ಅವನನ್ನು ಹಣದಿಂದಲೂ ಮನ್ನಣೆಯಿಂದಲೂ ಉಬ್ಬಿಸಿ, ಯಾರಲ್ಲಿ ಯಾವ ಕೆಡುಕು ಕಂಡರೂ ಒಡನೆಯೇ ತಿಳಿಸೆಂದು ಮಂತ್ರಿಯು ಹೇಳಬೇಕು. ಅನಂತರ ಬರುವವನು ಸಂನ್ಯಾಸದಿಂದ ಜಾರಿದ ಉದಾಸ್ಥಿತ. ಆಮೇಲೆ ಬೇಸಾಯ ಕೆಟ್ಟು ಜೀವನೋಪಾಯ ಕಳೆದುಕೊಂಡ ಗೃಹಪತಿಕ. ಅವನ ಹಿಂದೆ ವ್ಯಾಪಾರ ಮುರಿದುಬಿದ್ದ ವೈದೇಹಕ. ಐದನೆಯವನು ತಾಪಸ, ತಲೆ ಬೋಳಿಸಿದ ಅಥವಾ ಜಟೆ ಬಿಟ್ಟ, ಹೊಟ್ಟೆಪಾಡನ್ನು ಅರಸುವ ವೇಷಧಾರಿ. ಈ ತಾಪಸನು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪನ್ನೋ ಧಾನ್ಯವನ್ನೋ ಜನರೆದುರು ತಿನ್ನಬೇಕು. ಮರೆಯಲ್ಲಿ ಬೇಕಾದುದನ್ನು ಉಣ್ಣಬಹುದು. ಶಿಷ್ಯವೇಷದವರು ಅವನ ಸಿದ್ಧಿಯನ್ನು ಹೊಗಳುತ್ತಾ ಜನರನ್ನು ಕರೆತರಬೇಕು.

ವೇಷವನ್ನು ಶರಣರು ಏಕೆ ಅಷ್ಟು ಕಟುವಾಗಿ ಖಂಡಿಸಿದರು ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ. ಕಾವಿಯೂ ಜಟೆಯೂ ವಿಭೂತಿಯೂ ಹೊಟ್ಟೆಯ ಸಾಧನವಾಗಬಲ್ಲವು, ಪ್ರಭುತ್ವದ ಕಣ್ಣೂ ಆಗಬಲ್ಲವು. ಜನರ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಅವರ ಮಾತನ್ನು ಕದಿಯುವ ತಾಪಸನು, ಧನವನ್ನು ಕದಿಯುವವನಿಗಿಂತ ದೊಡ್ಡ ಕಳ್ಳನು.

ಇನ್ನೊಂದು ಸಂಗತಿಯೂ ಆ ಗ್ರಂಥದಲ್ಲಿದೆ. ಗೂಢಪುರುಷರು ಒಬ್ಬರನ್ನೊಬ್ಬರು ಅರಿಯಬಾರದು. ಮೂವರು ತಂದ ಸುದ್ದಿ ಒಂದೇ ಆದಾಗ ಮಾತ್ರ ಅದನ್ನು ನಂಬಬೇಕು. ಅಂದರೆ ಯಾರು ತನ್ನನ್ನು ವಿಶೇಷವಾಗಿ ಆರಿಸಿಕೊಂಡರೆಂದು ಗೂಢಚಾರನು ಹಿಗ್ಗುತ್ತಾನೋ, ಆ ಒಡೆಯನಿಗೇ ಅವನಲ್ಲಿ ವಿಶ್ವಾಸವಿಲ್ಲ. ತಾನು ಅದ್ವಿತೀಯನೆಂದು ತಿಳಿದವನು ಅಲ್ಲಿ ಮೂವರಲ್ಲಿ ಒಬ್ಬ ಮಾತ್ರ.

ಇದು ಎರಡು ಸಾವಿರ ವರ್ಷಗಳ ಹಿಂದಿನ ಮಾತೆಂದು ತಳ್ಳಿಹಾಕುವಂತಿಲ್ಲ. 2025ರ ಫೆಬ್ರವರಿಯಲ್ಲಿ ಕಾರವಾರದ ಕದಂಬ ನೌಕಾನೆಲೆಯ ಮಾಹಿತಿ ಸೋರಿಕೆಯ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ದಳವು ಉತ್ತರ ಕನ್ನಡ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಿನಿಂದ ಸ್ನೇಹ ಬೆಳೆಸಿ, ಅಲ್ಪಸ್ವಲ್ಪ ಹಣ ಕೊಟ್ಟು, ಹಡಗುಗಳ ಓಡಾಟದ ವಿವರವನ್ನೂ ಚಿತ್ರಗಳನ್ನೂ ಪಡೆಯಲಾಯಿತೆಂಬುದು ಆರೋಪ. ತಪ್ಪು ಒಪ್ಪುಗಳ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಆ ವ್ಯಕ್ತಿಗಳನ್ನು ಕುರಿತು ನಾವು ಏನನ್ನೂ ಹೇಳುವುದಿಲ್ಲ. ಆದರೆ ಇಂಥ ಬಲೆಯನ್ನು ಬೀಸುವ ಬಗೆ ಮಾತ್ರ ದೇಶದಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಬಲೆ ಬೀಸುವವನು ಮೊದಲು ಹಣದ ಮಾತಾಡುವುದಿಲ್ಲ. ನಿನ್ನನ್ನು ಯಾರೂ ಅರಿಯಲಿಲ್ಲ, ನಾನು ಅರಿತೆ ಎನ್ನುತ್ತಾನೆ. ಮನೆಯವರಿಗೂ ಹೇಳದ ಗುಟ್ಟೊಂದು ಆಗ ಹುಟ್ಟುತ್ತದೆ. ಗುಟ್ಟಿನ ಜೊತೆಗೆ, ತಾನು ಎಲ್ಲರಂತಲ್ಲ ಎಂಬ ಸಣ್ಣ ಅಮಲೂ ಹುಟ್ಟುತ್ತದೆ.

ಕೌಟಿಲ್ಯನ ಪಟ್ಟಿಯನ್ನು ಮತ್ತೊಮ್ಮೆ ನೋಡೋಣ. ಕೆಟ್ಟ ಬೇಸಾಯ, ಮುರಿದ ವ್ಯಾಪಾರ, ಜಾರಿದ ಸಂನ್ಯಾಸ, ಹೊಟ್ಟೆಪಾಡಿನ ತಪಸ್ಸು. ಇವೆಲ್ಲವುಗಳಲ್ಲಿ ಸಮಾನವಾದುದು ಒಂದೇ: ಕಾಯಕ ಕಡಿದುಹೋಗಿದೆ. ಮಾಡುವ ಕೆಲಸದಲ್ಲಿ ಅರ್ಥ ಕಾಣದವನೇ ಮಾಡದ ಕೆಲಸದಲ್ಲಿ ಅರ್ಥವನ್ನು ಹುಡುಕುತ್ತಾನೆ. ಗುಪ್ತ ಉದ್ದೇಶದ ಹಂಬಲವು ದುರ್ಗುಣವಲ್ಲ, ಅದು ಹಸಿವು. ಹಸಿದವನಿಗೆ ಅನ್ನ ಸಿಗದಿದ್ದರೆ ವಿಷವಿಕ್ಕುವವರು ಕಾದಿರುತ್ತಾರೆ.

ಈಗ ಗುಪ್ತ ಮಂಚಣ್ಣನವರ ವಿಷಯಕ್ಕೆ ಬರೋಣ. ಹೊರಗೆ ವಿಷ್ಣುಭಕ್ತರಾಗಿ ಕಾಣುತ್ತಾ, ಒಳಗೆ ಶಿವನನ್ನು ಆರಾಧಿಸಿದವರೆಂದು ಪರಂಪರೆ ಅವರನ್ನು ನೆನೆಯುತ್ತದೆ. 'ಗುಪ್ತ' ಎಂಬ ವಿಶೇಷಣ ಬಂದುದು ಅದರಿಂದಲೇ. ಅವರು ಭಕ್ತಿಯನ್ನು ಮರೆಮಾಡಿದುದು ನಿಜ. ಆದರೆ ಮರೆಯಲ್ಲಿ ನಿಂತು ಯಾರ ಮರ್ಮವನ್ನು ಕದ್ದರು? ಯಾರ ಮಾತನ್ನು ಯಾರಿಗೆ ಮುಟ್ಟಿಸಿದರು? ಅವರಿಂದ ನಮಗೆ ಉಳಿದಿರುವುದು ವಚನಗಳು, ವರದಿಗಳಲ್ಲ. ಗೂಢಚಾರನು ತನ್ನನ್ನು ಮರೆಸಿಕೊಳ್ಳುವುದು ಇತರರನ್ನು ಕಾಣುವುದಕ್ಕೆ; ಗುಪ್ತಭಕ್ತನು ಮರೆಸಿಕೊಳ್ಳುವುದು ತನ್ನನ್ನು ತಾನು ಕಾಣುವುದಕ್ಕೆ. ಮೊದಲನೆಯವನ ಗುಟ್ಟು ಬಯಲಾದರೆ ಇನ್ನೊಬ್ಬನಿಗೆ ಅಪಾಯ, ಎರಡನೆಯವನ ಗುಟ್ಟು ಬಯಲಾದರೆ ಅವನೊಬ್ಬನಿಗೇ ಅಪಾಯ. ಇದೇ ಅವರ ನಡುವಣ ಅಂತರ.

ಮಂಚಣ್ಣನವರ ಅಂಕಿತ 'ನಾರಾಯಣಪ್ರಿಯ ರಾಮನಾಥ'. ಹೊರಗಿನ ನಾರಾಯಣನನ್ನೂ ಒಳಗಿನ ರಾಮನಾಥನನ್ನೂ ಅವರು ಒಂದೇ ಹೆಸರಿನಲ್ಲಿ ಹೆಣೆದರು. ಒಂದನ್ನು ಸುಳ್ಳೆಂದು ಎಸೆಯಲಿಲ್ಲ. ನಮ್ಮ ಭಾಗದ ಭಕ್ತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದಾವಣಗೆರೆಯಿಂದ ಸ್ವಲ್ಪವೇ ದೂರದಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ, ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿ ಹರಿ ಹರರು ಒಂದೇ ಶಿಲೆಯಲ್ಲಿ, ಎಲ್ಲರ ಕಣ್ಣೆದುರಿಗೆ ನಿಂತಿದ್ದಾರೆ. ಮಂಚಣ್ಣನವರು ಒಳಗೆ ಹೊತ್ತು ನಡೆದುದನ್ನು ಒಂದು ಕಾಲ ಬಯಲಿನಲ್ಲಿ ಕಡೆದು ನಿಲ್ಲಿಸಿತು. ನಿಜವಾದ ಗುಪ್ತಭಕ್ತಿ ಬಯಲಾಗುವ ದಿನಕ್ಕೆ ಹೆದರುವುದಿಲ್ಲ.

ಮೋಳಿಗೆಯ ಮಾರಯ್ಯನವರ ಚರಿತ್ರೆಯೂ ಇಲ್ಲಿ ನೆನಪಾಗುತ್ತದೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, ಮಡದಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಬಾಳಿದವರು ಅವರೆಂದು ಶರಣರ ಕಥೆಗಳು ಹೇಳುತ್ತವೆ. ಕಟ್ಟಿಗೆ ಮಾರುವವನ ಒಳಗೊಬ್ಬ ಅರಸ! ತರುಣರ ಕನಸಿಗೆ ಇದಕ್ಕಿಂತ ಒಳ್ಳೆಯ ಕಥೆ ಯಾವುದು? ಆದರೆ ಕಥೆ ಸಾಗುವ ದಿಕ್ಕನ್ನು ನೋಡಿ. ಬಸವಣ್ಣನವರು ಜಂಗಮವೇಷದಲ್ಲಿ ಅವರ ಮನೆಗೆ ಬಂದು, ಅಂಬಲಿ ಸ್ವೀಕರಿಸಿ, ಗುಟ್ಟಾಗಿ ಹೊನ್ನನ್ನು ಇರಿಸಿ ಹೋದಾಗ ಮಾರಯ್ಯನವರು ಅದನ್ನು ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿಬಿಟ್ಟರು. ಅವರು ಕಟ್ಟಿಗೆಯ ಹೊರೆಯ ಹಿಂದೆ ಅರಸುತನವನ್ನು ಬಚ್ಚಿಟ್ಟುಕೊಂಡು ಪತ್ತೆಯಾಗುವ ದಿನವನ್ನು ಕಾಯುತ್ತಿರಲಿಲ್ಲ. ಕಟ್ಟಿಗೆಯೇ ಅವರ ಕಾಯಕ. ಅರಸುತನವೇ ಅವರು ಕಳಚಿಟ್ಟ ವೇಷ. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ: ಮಾಡುವ ಕೆಲಸ ವೇಷ, ಕಾಣುವ ಕನಸು ನಿಜ ಎಂದು ತಿಳಿದಿದ್ದೇವೆ.

ಕಲ್ಯಾಣದಲ್ಲಿಯೂ ಕಿವಿಯೂದುವವರಿದ್ದರು. ಭಂಡಾರದ ಹಣವನ್ನು ಬಸವಣ್ಣನವರು ಜಂಗಮರಿಗೆ ವ್ಯಯ ಮಾಡುತ್ತಿದ್ದಾರೆಂದು ಬಿಜ್ಜಳನಿಗೆ ಚಾಡಿ ಹೇಳಿದವರ ಪ್ರಸಂಗ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಬಸವಣ್ಣನವರು ಚಾಡಿಗೆ ಪ್ರತಿಯಾಗಿ ಚಾಡಿಯನ್ನು ಹೇಳಲಿಲ್ಲ, ಚಾರರನ್ನು ಕಳುಹಿಸಲಿಲ್ಲ. ಭಂಡಾರವನ್ನು ತೆರೆದು ಲೆಕ್ಕ ತೋರಿಸಿದರು. ಒಂದು ಹೊನ್ನೂ ಕಡಿಮೆಯಿರಲಿಲ್ಲ. ತೆರೆದ ಲೆಕ್ಕಕ್ಕಿಂತ ದೊಡ್ಡ ರಕ್ಷಣೆ ಕಾಯಕಜೀವಿಗೆ ಇನ್ನೊಂದಿಲ್ಲ.

ಹಾಗಾದರೆ ದೇಶಕ್ಕೆ ಗುಪ್ತಚರರು ಬೇಡವೆ ಎಂದು ಕೇಳಬಹುದು. ಬೇಕು. ಗಡಿಯಿರುವ ದೇಶಕ್ಕೆ ಕಣ್ಣೂ ಕಿವಿಯೂ ಬೇಕು. ಹೆಸರಿಲ್ಲದೆ, ಪದಕವಿಲ್ಲದೆ, ಎಷ್ಟೋ ವೇಳೆ ಸ್ವಂತ ಮಕ್ಕಳಿಗೂ ಕೆಲಸದ ವಿವರ ಹೇಳಲಾರದೆ ದುಡಿಯುವವರಿಗೆ ನಾವು ಋಣಿಗಳು. ಆದರೆ ಅವರ ದುಡಿಮೆಯ ಬಹುಪಾಲು ಓದು, ತಾಳೆ ನೋಡುವುದು, ಕಾಯುವುದು. ಅದೂ ಒಂದು ಕಾಯಕ, ಬೇಸರ ತಾಳಬಲ್ಲವರ ಕಾಯಕ. ಗುಟ್ಟಿನ ರುಚಿಗಾಗಿ ಅಲ್ಲಿಗೆ ಹೋಗುವವನು ಆ ಕೆಲಸಕ್ಕೂ ಸಲ್ಲುವುದಿಲ್ಲ. ತನ್ನ ಗುಟ್ಟು ಎಂದಾದರೂ ಎಲ್ಲರಿಗೂ ತಿಳಿದು ಎಲ್ಲರೂ ಬೆರಗಾಗಲಿ ಎಂಬ ಆಸೆ ಅವನ ಒಳಗೆ ಇದ್ದೇ ಇರುತ್ತದೆ. ಗುಟ್ಟನ್ನು ಕಾಯಲಾರದ ಆಸೆ ಅದು.

ನಮ್ಮ ಹಿರಿಯರಲ್ಲಿಯೂ ಒಂದು ವಿನಂತಿ. ಪದವಿ ಮುಗಿಸಿ, ಅರ್ಜಿಗಳನ್ನು ಹಾಕಿ, ಉತ್ತರಕ್ಕಾಗಿ ಕಾಯುತ್ತಿರುವ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಕೋಣೆಯ ಬಾಗಿಲು ಮುಚ್ಚಿ ಮೊಬೈಲಿನ ಮುಂದೆ ಕುಳಿತವರನ್ನು ಗದರಿಸುವುದು ಸುಲಭ. ನೀನು ಈ ಮನೆಗೆ ಬೇಕು, ಈ ಓಣಿಗೆ ಬೇಕು, ಈ ಕೆಲಸ ನಿನ್ನಿಂದಲೇ ಆಗಬೇಕು ಎಂದು ಅವರಿಗೆ ನಾವು ಕೊನೆಯ ಬಾರಿ ಹೇಳಿದ್ದು ಯಾವಾಗ? ನಾವು ಹೇಳದ ಆ ಮಾತನ್ನು ಅಪರಿಚಿತನೊಬ್ಬನು ತೆರೆಯ ಆಚೆಯಿಂದ ಹೇಳಿದರೆ, ಮಗು ಅತ್ತ ತಿರುಗುವುದು ಆಶ್ಚರ್ಯವಲ್ಲ. ದಾಸೋಹದ ಪಂಕ್ತಿಯಲ್ಲಿ ನೀರು ಬಡಿಸುವ ಕೆಲಸವನ್ನಾದರೂ ನಂಬಿ ಒಪ್ಪಿಸಿದರೆ ಸಾಕು. ತನ್ನನ್ನು ಆರಿಸಿಕೊಂಡವರಿದ್ದಾರೆ ಎಂಬುದು ಆ ಮಗುವಿಗೆ ತಿಳಿಯುತ್ತದೆ.

ತರುಣ ಮಿತ್ರರಿಗೆ ಹೇಳುವುದು ಇಷ್ಟೆ. ನಿಮಗೆ ಗುಪ್ತವಾದ ಉದ್ದೇಶ ಬೇಕೆ? ಅದು ಈಗಾಗಲೇ ನಿಮ್ಮ ಬಳಿ ಇದೆ. ಇಷ್ಟಲಿಂಗವನ್ನು ನಾವು ಎದೆಯ ಮೇಲೆ, ಉಡುಪಿನ ಒಳಗೆ ಧರಿಸುತ್ತೇವೆ. ಅದು ಕಾಣುವುದಿಲ್ಲ, ಆದರೆ ಗುಟ್ಟೂ ಅಲ್ಲ. ಕೇಳಿದವರಿಗೆ ಹೇಳಬಹುದು, ಕೇಳದವರಿಗೆ ತೋರಿಸಬೇಕಾಗಿಲ್ಲ. ಅಂಗೈಯಲ್ಲಿ ಅದನ್ನಿಟ್ಟು ಕುಳಿತಾಗ ನಿಮ್ಮನ್ನು ನೋಡುವವರು ಯಾರೂ ಇರುವುದಿಲ್ಲ. ಎದ್ದು ಹೊರಗೆ ಬಂದ ಮೇಲೆ ಮಾಡುವ ಕೆಲಸದಲ್ಲಿ ಮಾತ್ರ ಅದರ ಫಲ ಕಾಣಬೇಕು. ಲೆಕ್ಕವನ್ನು ಸರಿಯಾಗಿ ಬರೆಯಿರಿ. ರೋಗಿಯ ಹತ್ತಿರ ಐದು ನಿಮಿಷ ಹೆಚ್ಚು ಕುಳಿತುಕೊಳ್ಳಿ. ತಾಯಿಗೆ ಹೇಳಲಾರದ ಸ್ನೇಹವನ್ನು ಬೆಳೆಸಬೇಡಿ. ಇದಕ್ಕೆ ಬಿರುದು ಬರುವುದಿಲ್ಲ, ಸಂಕೇತಸಂಖ್ಯೆಯೂ ದೊರೆಯುವುದಿಲ್ಲ. ಆದರೆ ರಾತ್ರಿ ಮಲಗುವಾಗ ಯಾವ ಬಾಗಿಲನ್ನೂ ಮತ್ತೊಮ್ಮೆ ಎದ್ದು ನೋಡಬೇಕಾಗುವುದಿಲ್ಲ.