ನಕ್ಷತ್ರ ಆಮೆಗೆ ಬೇಕಾದ್ದು ಪಾಲಕ್ ಅಲ್ಲ, ಗೋಮಾಳ

ಮನೆಯಲ್ಲಿ ಆಮೆ ಇದ್ದರೆ ಐಶ್ವರ್ಯ ನೆಲೆಸುತ್ತದೆ ಎಂಬ ನಂಬಿಕೆ ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಕೂರ್ಮಾವತಾರದ ಕಥೆ ಹಳೆಯದು. ದೇವಾಲಯಗಳಲ್ಲಿ ಗರ್ಭಗುಡಿಯ ಎದುರಿನ ನೆಲಹಾಸಿನ ಮೇಲೆ ಆಮೆಯನ್ನು ಕೆತ್ತುವ ಪರಂಪರೆಯೂ ಹಳೆಯದೇ. ಆದರೆ ವಾಸ್ತು ಮತ್ತು ಫೆಂಗ್‌ಶುಯಿ ಸಲಹೆಗಾರರ ಮಾತು ನಂಬಿ ಜೀವಂತ ಆಮೆಯನ್ನು ತಂದು ಬಾಲ್ಕನಿಯಲ್ಲಿ ಇರಿಸಿಕೊಳ್ಳುವ ಖಯಾಲಿಗೆ ಅಂತಹ ಯಾವ ಪ್ರಾಚೀನತೆಯೂ ಇಲ್ಲ. ಹೀಗೆ ತಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಏನು ತಿನ್ನಿಸಬೇಕು? ಮೇಲ್ನೋಟಕ್ಕೆ ಇದು ಕರುಣೆಯಿಂದ ಹುಟ್ಟಿದ, ನಿರುಪದ್ರವಿ ಪ್ರಶ್ನೆ. ಆದರೆ ಪ್ರಾಮಾಣಿಕವಾಗಿ ಉತ್ತರ ಹುಡುಕಹೊರಟರೆ ಅದು ನಮ್ಮನ್ನು ಅಡುಗೆಮನೆಯಿಂದ ಕಾನೂನಿನ ಪುಸ್ತಕಕ್ಕೆ, ಅಲ್ಲಿಂದ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಬಯಲಿಗೆ ಕರೆದೊಯ್ಯುತ್ತದೆ.

ಮೊದಲಿಗೆ ಒಂದು ಗೊಂದಲ ಪರಿಹಾರವಾಗಬೇಕು. ಕನ್ನಡದಲ್ಲಿ ನೆಲದ ಮೇಲೆ ಬದುಕುವುದಕ್ಕೂ ನೀರಿನಲ್ಲಿ ಬದುಕುವುದಕ್ಕೂ ಆಮೆ ಎಂಬ ಒಂದೇ ಹೆಸರಿದೆ. ಹೀಗಾಗಿ ನೆಲದ ಆಮೆಯನ್ನು ನೀರಿನ ತೊಟ್ಟಿಯಲ್ಲಿ ಇಡುವ, ಎರಡಕ್ಕೂ ಒಂದೇ ಬಗೆಯ ಆಹಾರ ಹಾಕುವ ತಪ್ಪು ಸಾಮಾನ್ಯ. ಅಕ್ವೇರಿಯಂ ಅಂಗಡಿಗಳಲ್ಲಿ ಮಾರಾಟವಾಗುವ ಕೆಂಪು ಕಿವಿಯ ಆಮೆ ಅಮೆರಿಕ ಮೂಲದ ನೀರಾಮೆ. ಅದು ಸಸ್ಯ, ಮಾಂಸ ಎರಡನ್ನೂ ತಿನ್ನುತ್ತದೆ. ಬೆನ್ನಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿಕೊಂಡಿರುವ ನಕ್ಷತ್ರ ಆಮೆಯಾದರೋ ಅಪ್ಪಟ ನೆಲವಾಸಿ. ಈಜಲಾರದ ಅದನ್ನು ಆಳದ ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ನಮ್ಮ ರಾಜ್ಯದ ಪೂರ್ವ ಭಾಗ, ಆಂಧ್ರದ ರಾಯಲಸೀಮೆ, ತಮಿಳುನಾಡು, ಗುಜರಾತ್, ರಾಜಸ್ಥಾನ ಹಾಗೂ ಶ್ರೀಲಂಕಾದ ಒಣ ಕುರುಚಲು ಭೂಮಿ ಇದರ ತವರು. ಕಳ್ಳಸಾಗಣೆಗಾರರ ಚೀಲಗಳಲ್ಲಿ ಮತ್ತೆ ಮತ್ತೆ ಸಿಗುವುದೂ ಇದೇ.

ಇದರ ಆಹಾರವಾದರೂ ಏನು? ಬೆಳಗಿನ ಮತ್ತು ಸಂಜೆಯ ತಂಪು ಹೊತ್ತಿನಲ್ಲಿ ಅಡ್ಡಾಡುತ್ತಾ ಹುಲ್ಲು, ಕಳೆಗಿಡಗಳ ಎಲೆ, ಉದುರಿದ ಹೂವು, ರಸಭರಿತ ಕಳ್ಳಿಯ ತುಣುಕು, ಋತುವಿಗೊಮ್ಮೆ ಸಿಗುವ ಕಾಡುಹಣ್ಣು ಇಷ್ಟನ್ನೇ ತಿಂದು ದಶಕಗಟ್ಟಲೆ ಬದುಕುವ ಪ್ರಾಣಿ ಇದು. ನಾರಿನಂಶ ಹೆಚ್ಚಿರುವ ಈ ಮೇವನ್ನು ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ನಿಧಾನವಾಗಿ ಹುಳಿಸಿ ಜೀರ್ಣಿಸುತ್ತವೆ. ಅದರ ಒಡಲಿಗೆ ಬೇಕಾದ ಸೂತ್ರ ಸರಳ: ನಾರು ಹೆಚ್ಚು, ಸುಣ್ಣದಂಶ ಹೆಚ್ಚು, ಪ್ರೋಟೀನ್ ಕಡಿಮೆ, ಸಕ್ಕರೆ ತೀರಾ ಕಡಿಮೆ. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಲೇಬೇಕು. ಚಿಪ್ಪು ಎಂಬುದು ಬೆನ್ನೆಲುಬು ಮತ್ತು ಪಕ್ಕೆಲುಬುಗಳೇ ಹರಡಿ ರೂಪುಗೊಂಡ ಜೀವಂತ ಮೂಳೆಯ ಕವಚವಾದ್ದರಿಂದ, ಸುಣ್ಣದ ಕೊರತೆ ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ.

ನಗರದ ಅಡುಗೆಮನೆ ಈ ಸೂತ್ರವನ್ನು ಸಂಪೂರ್ಣ ತಲೆಕೆಳಗು ಮಾಡುತ್ತದೆ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ದೇಹಕ್ಕೆ ದಕ್ಕದಂತೆ ಹಿಡಿದಿಡುತ್ತದೆ. ಎಲೆಕೋಸನ್ನು ದಿನವೂ ಕೊಟ್ಟರೆ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುತ್ತದೆ. ಸೌತೆಕಾಯಿಯಲ್ಲಿ ನೀರೇ ಹೆಚ್ಚು. ಬಾಳೆಹಣ್ಣು, ಅನ್ನ, ಬ್ರೆಡ್ಡುಗಳು ಕರುಳಿನಲ್ಲಿ ಬೇಡದ ರೀತಿಯಲ್ಲಿ ಹುಳಿತು ಭೇದಿ ಉಂಟುಮಾಡುತ್ತವೆ. ಪ್ರೀತಿ ಉಕ್ಕಿದವರು ಹಾಕುವ ಹಾಲು, ಮೊಟ್ಟೆ, ನಾಯಿಯ ಬಿಸ್ಕತ್ತುಗಳು ಮೂತ್ರಪಿಂಡದ ಮೇಲೆ ಹೊರೆ ಹೊರಿಸುತ್ತವೆ. ಇದರ ಜೊತೆಗೆ ಬಿಸಿಲಿನ ಪ್ರಶ್ನೆ. ಸೂರ್ಯನ ನೇರಳಾತೀತ ಕಿರಣ ಮೈಮೇಲೆ ಬೀಳದಿದ್ದರೆ ಡಿ ಜೀವಸತ್ವ ಉತ್ಪತ್ತಿಯಾಗದು. ಅದಿಲ್ಲದೆ ತಿಂದ ಸುಣ್ಣವೂ ದಕ್ಕದು. ಕಿಟಕಿಯ ಗಾಜನ್ನು ದಾಟಿ ಬರುವ ಬಿಸಿಲಿನಲ್ಲಿ ಈ ಕಿರಣ ಇರುವುದಿಲ್ಲ. ಹೀಗಾಗಿ ಒಳ್ಳೆಯ ಮೇವು ಸಿಕ್ಕ ಆಮೆಯೂ ಮುಚ್ಚಿದ ಬಾಲ್ಕನಿಯಲ್ಲಿ ಮೆತ್ತನೆಯ ಚಿಪ್ಪು, ಸೊಟ್ಟ ಕಾಲುಗಳೊಂದಿಗೆ ನರಳುತ್ತದೆ.

ಚಿಪ್ಪಿನ ಫಲಕಗಳು ಅಸಹಜವಾಗಿ ಗೋಪುರದಂತೆ ಉಬ್ಬುವುದು ಸಾಕಿದ ಆಮೆಗಳಲ್ಲಿ ಕಾಣುವ ಇನ್ನೊಂದು ತೊಂದರೆ. ಪ್ರೋಟೀನ್ ಹೆಚ್ಚಾದದ್ದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಫ್ರಿಕಾದ ಸಲ್ಕಾಟಾ ಆಮೆಯ ಮರಿಗಳ ಮೇಲೆ ಆಸ್ಟ್ರಿಯಾದ ಸಂಶೋಧಕರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳಿತು: ಪ್ರೋಟೀನಿಗಿಂತ ಸುತ್ತಲಿನ ಗಾಳಿಯಲ್ಲಿ ತೇವ ಕಡಿಮೆಯಾದದ್ದರ ಪರಿಣಾಮವೇ ಹೆಚ್ಚಾಗಿತ್ತು. ನಕ್ಷತ್ರ ಆಮೆಯ ಬೆನ್ನು ಸಹಜವಾಗಿಯೇ ಸ್ವಲ್ಪ ಉಬ್ಬುಗಳಿಂದ ಕೂಡಿರುವುದರಿಂದ ಯಾವುದು ಸಹಜ, ಯಾವುದು ರೋಗ ಎಂದು ಗುರುತಿಸುವುದು ಸಾಮಾನ್ಯರಿಗೆ ಕಷ್ಟ. ಆಮೆಯ ಆರೋಗ್ಯ ತಟ್ಟೆಯಲ್ಲಿ ಹಾಕಿದ ಸೊಪ್ಪಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಬಿಸಿಲು, ನೆಲ, ನೆರಳು, ತೇವ ಎಲ್ಲವೂ ಅದರ ಆಹಾರದ ಭಾಗವೇ ಆಗಿವೆ.

ಈಗ ಕಾನೂನಿನ ಮಾತಿಗೆ ಬರೋಣ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದು ಹಿಂದೆ ನಾಲ್ಕನೇ ಅನುಸೂಚಿಯಲ್ಲಿತ್ತು, ಶಿಕ್ಷೆಯೂ ಲಘುವಾಗಿತ್ತು. 2022ರ ತಿದ್ದುಪಡಿ ಇದನ್ನು ಹುಲಿ, ಆನೆಗಳಿರುವ ಮೊದಲ ಅನುಸೂಚಿಗೆ ಏರಿಸಿತು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25 ಸಾವಿರ ರೂಪಾಯಿ ದಂಡಕ್ಕೆ ಅವಕಾಶವಿದೆ. ಅಳಿವಿನಂಚಿನ ಜೀವಿಗಳ ವಹಿವಾಟು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ 2019ರಲ್ಲಿ ಇದನ್ನು ಸೇರಿಸಲಾಯಿತು. ಪ್ರಸ್ತಾವ ಮಂಡಿಸಿದ ರಾಷ್ಟ್ರಗಳಲ್ಲಿ ಭಾರತವೂ ಒಂದು. ವಿದೇಶಿ ಪ್ರಭೇದಗಳನ್ನು ಸಾಕುವವರು ನೋಂದಾಯಿಸಿಕೊಳ್ಳಲು 2024ರಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿತು. ಆದರೆ ನಮ್ಮದೇ ನೆಲದ ನಕ್ಷತ್ರ ಆಮೆಗೆ ಆ ಬಾಗಿಲು ತೆರೆದಿಲ್ಲ, ತೆರೆಯಲೂಬಾರದು.

ಕಾನೂನು ಇಷ್ಟು ಕಠಿಣವಾಗಲು ಕಾರಣವಿದೆ. ಆಂಧ್ರ-ಕರ್ನಾಟಕ ಗಡಿಭಾಗವು ಈ ಆಮೆಗಳ ಅಕ್ರಮ ಸಂಗ್ರಹಣೆಯ ಪ್ರಮುಖ ಕೇಂದ್ರವೆಂದು ತನಿಖಾ ಸಂಸ್ಥೆಗಳೂ ಸಂಶೋಧಕರೂ ಗುರುತಿಸಿದ್ದಾರೆ. ಭಾರತದ ಇಂತಹ ಒಂದು ಕೇಂದ್ರದಿಂದಲೇ ವರ್ಷಕ್ಕೆ ಕನಿಷ್ಠ 55 ಸಾವಿರ ಆಮೆಗಳು ಕಳವಾಗುತ್ತಿವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತ್ತು. ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ 2016ರ ಡಿಸೆಂಬರ್ ಮತ್ತು 2017ರ ಜನವರಿ ನಡುವೆ ನಡೆಸಿದ 'ಸೇವ್ ಕೂರ್ಮ' ಕಾರ್ಯಾಚರಣೆಯಲ್ಲಿ ವಿವಿಧ ಪ್ರಭೇದಗಳ 15,739 ಆಮೆಗಳು ಸಿಕ್ಕವು. ಪೊದೆಯಿಂದ ಹೆಕ್ಕಿ ಕೊಡುವ ಬಡವನಿಗೆ ಸಿಗುವುದು ಪುಡಿಗಾಸು; ಲಾಭವೆಲ್ಲ ದಲ್ಲಾಳಿಗೆ ಮತ್ತು ವಿದೇಶಿ ಮಾರುಕಟ್ಟೆಗೆ. ಈ ಸರಪಳಿಯ ಕೊನೆಯ ಕೊಂಡಿಯಾಗಿ ನಮ್ಮ ಬಡಾವಣೆಯ ಸಂಭಾವಿತ ಗೃಹಸ್ಥರು ನಿಂತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಕೊಳ್ಳುವವನಿಲ್ಲದಿದ್ದರೆ ಹಿಡಿಯುವವನೂ ಇರುವುದಿಲ್ಲ.

ಹಾಗಾದರೆ ಈಗಾಗಲೇ ಮನೆಗಳಲ್ಲಿರುವ ಆಮೆಗಳ ಗತಿಯೇನು? ಕಾನೂನಿಗೆ ಹೆದರಿ ರಾತ್ರೋರಾತ್ರಿ ಕೆರೆಗೋ ಕಾಡಿಗೋ ಬಿಟ್ಟು ಬರುವುದು ಪರಿಹಾರವಾಗದು. ಮೃದು ತರಕಾರಿಗೆ ಒಗ್ಗಿದ ಆಮೆಗೆ ಒಣನೆಲದಲ್ಲಿ ಮೇವು ಹುಡುಕುವುದು ಸುಲಭವಲ್ಲ. ಮನೆಯಲ್ಲಿ ತಗುಲಿದ ಸೋಂಕು ಕಾಡಿನ ಆಮೆಗಳಿಗೆ ಹರಡಬಹುದು. ವಾಯವ್ಯ ಭಾರತದ ಮತ್ತು ದಕ್ಷಿಣ ಭಾರತದ ನಕ್ಷತ್ರ ಆಮೆಗಳ ನಡುವೆ ಆನುವಂಶಿಕ ಭಿನ್ನತೆ ಇರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಎಲ್ಲಿಯದೋ ಆಮೆಯನ್ನು ಎಲ್ಲಿಯೋ ಬಿಟ್ಟರೆ ಸಾವಿರಾರು ವರ್ಷಗಳ ಆ ಹೊಂದಾಣಿಕೆ ಕಲಸಿಹೋಗುತ್ತದೆ. ಸರಿಯಾದ ದಾರಿ ಯಾವುದೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಸಿಂಗಪುರದಲ್ಲಿ ರಕ್ಷಿಸಲಾಗಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಲಾಯಿತು. ಸಿಂಗಪುರದ ಎಕರ್ಸ್, ಭಾರತದ ವೈಲ್ಡ್‌ಲೈಫ್ ಎಸ್‌ಒಎಸ್ ಮತ್ತು ಕರ್ನಾಟಕ ಅರಣ್ಯ ಇಲಾಖೆ ಕೈಜೋಡಿಸಿದ್ದವು. ಪ್ರತ್ಯೇಕವಾಗಿಟ್ಟು ಆರೋಗ್ಯ ತಪಾಸಣೆ ನಡೆಸಿ, ಸ್ವಾಭಾವಿಕ ಮೇವಿಗೆ ಒಗ್ಗಿಸಿ, ನಂತರವೇ ಬಿಡುಗಡೆಯ ಮಾತು ಎಂಬುದೇ ಇಂತಹ ಪುನರ್ವಸತಿಯ ಮೂಲ ತತ್ತ್ವ.

ಹೀಗೆ ಪುನರ್ವಸತಿ ಪಡೆದ ಆಮೆಗಳನ್ನು ಬಿಡಲು ನೆಲವೆಲ್ಲಿ? ಒಂದು ಕಾಲಕ್ಕೆ ನಿಡುಗಲ್ಲಿನ ಅರಸರು ಆಳಿದ ಸೀಮೆಯ ಉದಾಹರಣೆಯನ್ನೇ ನೋಡೋಣ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಬಂಡೆಗುಡ್ಡಗಳ ತಪ್ಪಲು, ಕಳ್ಳಿ ಮತ್ತು ಕಾರೆಗಿಡಗಳ ಬೇಲಿ, ಕಡಲೆಕಾಯಿ ಹೊಲಗಳ ಬದು, ಕುರಿ ಮೇಯುವ ಗೋಮಾಳ ಇವೆಲ್ಲ ನಗರದ ಕಣ್ಣಿಗೆ ಬರಡು. ಸರ್ಕಾರದ ದಾಖಲೆಯೂ ಹೆಚ್ಚು ಭಿನ್ನವಾಗಿಲ್ಲ. ದೇಶದ ಬಂಜರುಭೂಮಿ ನಕ್ಷೆಗಳಲ್ಲಿ ಕುರುಚಲು ಭೂಮಿಯೂ 'ಬಂಜರು' ಎಂಬ ಪಟ್ಟಿಯಲ್ಲಿಯೇ ಸೇರಿದೆ. ಆದರೆ ಆಮೆಯ ಕಣ್ಣಿನಿಂದ ನೋಡಿದರೆ ಇಲ್ಲಿ ಗರಿಕೆಯಿದೆ, ಪಾಪಸುಕಳ್ಳಿಯಿದೆ, ಉದುರಿದ ಎಲಚಿ ಹಣ್ಣಿದೆ, ಬೇಸಿಗೆಯಲ್ಲಿ ಅಡಗಲು ಪೊದೆಯಿದೆ, ಮೊದಲ ಮಳೆಗೆ ಮೊಳೆಯುವ ಹತ್ತಾರು ಬಗೆಯ ಕಳೆಗಿಡಗಳಿವೆ. ಯಾವ ಪಶುವೈದ್ಯನೂ ಬರೆದುಕೊಡಲಾರದ ಸಮತೋಲನದ ಆಹಾರಪಟ್ಟಿ ಇದು.

ಈ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದುನಿಂತಿದೆ. ಬರದಿಂದ ಬಸವಳಿದಿದ್ದ ರೈತರಿಗೆ ಗುತ್ತಿಗೆಯ ಹಣ ಆಸರೆಯಾದದ್ದು ನಿಜ. ರಾಜ್ಯಕ್ಕೆ ವಿದ್ಯುತ್ ಬೇಕೆಂಬುದೂ ನಿಜ. ಆದರೆ ಒಣನೆಲವೆಂದರೆ ಖಾಲಿ ನೆಲ ಎಂಬ ಗ್ರಹಿಕೆಯಿಂದ ಯೋಜನೆಗಳು ಸಾಗಿದರೆ ಹುಲ್ಲು, ಬದು, ಬೇಲಿಗಳ ಲೆಕ್ಕ ಇಡುವವರು ಯಾರು? 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಇವೆರಡನ್ನೂ ಪ್ರಾಮಾಣಿಕವಾಗಿ ಜಾರಿಗೊಳಿಸಿದರೆ ಕುರಿಗಾಹಿಗೂ ಆಮೆಗೂ ಏಕಕಾಲಕ್ಕೆ ನ್ಯಾಯ ದೊರೆಯುತ್ತದೆ.

ಇದು ಅಸಾಧ್ಯವೇನಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. 800 ಎಕರೆಗೂ ತುಸು ಕಡಿಮೆ ಇರುವ ಆ ತುಂಡುನೆಲ ಜಿಂಕೆಗಳಿಗೆ ಆಶ್ರಯ ನೀಡಿದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ; ಗ್ರಾಮಸ್ಥರು ಅವುಗಳನ್ನು ಅತಿಥಿಗಳಂತೆ ಕಾಯುತ್ತಾರೆ. ಒಣಸೀಮೆಯ ಜನರಿಗೆ ವನ್ಯಜೀವಿಗಳ ಜೊತೆ ಬಾಳುವುದನ್ನು ನಗರದವರು ಕಲಿಸಬೇಕಾಗಿಲ್ಲ.

ಸರ್ಕಾರ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಹುಲಿ ಉಗುರಿನಂತಹ ವನ್ಯಜೀವಿ ವಸ್ತುಗಳನ್ನು ಒಪ್ಪಿಸಲು 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಕಾಲಾವಕಾಶ ಪ್ರಕಟಿಸಿತ್ತು. ಕಾನೂನಿನ ತೊಡಕುಗಳನ್ನು ಪರಿಶೀಲಿಸಿ, ಮನೆಗಳಲ್ಲಿರುವ ಜೀವಂತ ನಕ್ಷತ್ರ ಆಮೆಗಳಿಗೂ ಅಂತಹ ಅವಧಿಯೊಂದನ್ನು ಗೊತ್ತುಪಡಿಸಬೇಕು. ಹಿಡಿದವನನ್ನೂ ಮಾರಿದವನನ್ನೂ ಬಿಟ್ಟು, ಸ್ವಇಚ್ಛೆಯಿಂದ ಒಪ್ಪಿಸಲು ಬಂದವನನ್ನು ಮಾತ್ರ ಜೈಲಿಗೆ ಕಳುಹಿಸುವ ವ್ಯವಸ್ಥೆಯಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ. ಒಪ್ಪಿಸಿದ ಆಮೆಗಳನ್ನು ನೋಡಿಕೊಳ್ಳಲು ಪೂರ್ವ ಜಿಲ್ಲೆಗಳಲ್ಲಿ ಒಂದಾದರೂ ಪುನರ್ವಸತಿ ಕೇಂದ್ರ ಬೇಕು. ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರ ತರಬೇತಿಯೂ ನಡೆಯಬೇಕು.

ಅಲ್ಲಿಯವರೆಗೆ, ಆಮೆಯೊಂದು ಆಕಸ್ಮಿಕವಾಗಿ ಕೈಗೆ ಸಿಕ್ಕವರು ಏನು ಮಾಡಬೇಕು? ಅರಣ್ಯ ಇಲಾಖೆಗೆ ತಿಳಿಸುವುದು ಮೊದಲ ಕರ್ತವ್ಯ. ಸಿಬ್ಬಂದಿ ಬರುವ ತನಕ ನೆರಳೂ ಬಿಸಿಲೂ ಎರಡೂ ಇರುವ ಒಣಜಾಗದಲ್ಲಿ ಇರಿಸಿ, ಕಾಲು ಮುಳುಗುವಷ್ಟು ಮಾತ್ರ ನೀರಿರುವ ತಟ್ಟೆ ಇಡಬೇಕು. ಔಷಧಿ ಸಿಂಪಡಿಸದ ಗರಿಕೆ, ದಾಸವಾಳದ ಹೂವು ಮತ್ತು ಎಲೆ, ಈ ಸೀಮೆಯ ರೇಷ್ಮೆ ಬೆಳೆಗಾರರ ತೋಟಗಳಲ್ಲಿ ಸಿಗುವ ಹಿಪ್ಪುನೇರಳೆ ಎಲೆ ಸಾಕು. ಕಣಗಿಲೆಯಂತಹ ವಿಷದ ಗಿಡಗಳು ಹತ್ತಿರ ಇರಕೂಡದು. ಹಾಲು, ಅನ್ನ, ಮೊಟ್ಟೆ ಬೇಡವೇ ಬೇಡ. ಒಂದೆರಡು ದಿನ ತಿನ್ನದಿದ್ದರೂ ಗಾಬರಿಯಾಗಬೇಕಿಲ್ಲ. ಬಲವಂತವಾಗಿ ತಿನ್ನಿಸುವುದೇ ಹೆಚ್ಚು ಅಪಾಯ.

ಆಮೆಗೆ ಏನು ತಿನ್ನಿಸಬೇಕೆಂದು ಕೇಳುವ ಕಾಳಜಿ ಒಳ್ಳೆಯದೇ. ಆ ಕಾಳಜಿ ಬಾಲ್ಕನಿಯಲ್ಲಿಯೇ ನಿಲ್ಲದೆ, ಆಮೆಯನ್ನು ಹಿಡಿದು ತಂದ ಪೊದೆಯವರೆಗೆ ಹೋಗಬೇಕು. ಅಲ್ಲಿ ಹುಲ್ಲು ಉಳಿದಿದೆಯೇ ಎಂದು ವಿಚಾರಿಸುವ ನಾಗರಿಕರು ಹೆಚ್ಚಾದರೆ, ಗೋಮಾಳದ ಕಡತಗಳೂ ಮೇಜಿನಿಂದ ಮೇಜಿಗೆ ಸ್ವಲ್ಪ ಬೇಗ ಚಲಿಸಿಯಾವು.