ಮನೆಮಂದಿಗೊಂದು ದಿನದ ಕಡಲು

ಶಾಲೆಗಳಿಗೆ ಬೇಸಗೆ ರಜೆ ಸಿಕ್ಕಿದೊಡನೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಈ ಸಲ ನಾವು ಎಲ್ಲಿಗೆ ಹೋಗುವುದು ಎಂಬುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಾಮಾನ್ಯ ಮುಸ್ಲಿಮ್ ಕುಟುಂಬಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಒಂದೋ ಅಜ್ಜಿಯ ಮನೆ, ಇಲ್ಲವೇ ಸಂಬಂಧಿಕರ ಮದುವೆ. ಕಡಲು ನೋಡಬೇಕೆಂದು ಮಗು ಹಠ ಹಿಡಿದರೆ, ಮುಂದಿನ ವರ್ಷ ನೋಡೋಣ ಎಂಬ ಸಮಾಧಾನ. ಆ ಮುಂದಿನ ವರ್ಷ ಬಾರದೆಯೇ ಅದೆಷ್ಟೋ ಮಕ್ಕಳ ಬಾಲ್ಯ ಮುಗಿದುಹೋಗಿದೆ.

ಹಾಗೆಂದು ಕಡಲೇನೂ ದೂರದಲ್ಲಿಲ್ಲ. ಮಂಗಳೂರಿಗೆ ಬಂಟ್ವಾಳದಿಂದ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60. ಬಂಟ್ವಾಳದ ಪೇಟೆಯನ್ನು ಬಳಸಿ ಹರಿಯುವ ನೇತ್ರಾವತಿಯೂ ವೇಣೂರನ್ನು ಹಾದುಬರುವ ಫಲ್ಗುಣಿಯೂ ಮಂಗಳೂರಿನ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ. ನಮ್ಮ ಮನೆಯಂಗಳದ ಮಳೆನೀರು ತಲುಪುವ ಕಡೆಗೆ ನಮ್ಮ ಮನೆಯ ತಾಯಂದಿರು ತಲುಪಿಲ್ಲ ಎಂಬುದು ಯೋಚಿಸಬೇಕಾದ ವಿಷಯವಲ್ಲವೇ?

ಇಲ್ಲಿ ತಾಯಂದಿರು ಎಂಬ ಪದವನ್ನು ನಾವು ಉದ್ದೇಶಪೂರ್ವಕವಾಗಿಯೇ ಬಳಸಿದ್ದೇವೆ. ಯುವಕರು ರವಿವಾರ ಸಂಜೆ ಬೈಕೇರಿ ಪಣಂಬೂರಿಗೋ ಸುರತ್ಕಲ್‌ಗೋ ಹೋಗಿ ಬರುತ್ತಾರೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಆದರೆ ಬೀಡಿ ಸುತ್ತಿ ಮಕ್ಕಳ ಶಾಲಾ ಶುಲ್ಕ ಹೊಂದಿಸಿದ ತಾಯಿ, ಗಂಡ ಗಲ್ಫ್‌ನಲ್ಲಿರುವಾಗ ಒಬ್ಬಂಟಿಯಾಗಿ ಮನೆ ನಿಭಾಯಿಸಿದ ಪತ್ನಿ, ಮದುವೆಗೆ ಮುಂಚೆ ಒಮ್ಮೆಯಾದರೂ ಅಲೆಯಲ್ಲಿ ಕಾಲು ನೆನೆಸಬೇಕೆಂದು ಬಯಸಿದ ಮಗಳು ಇವರ ಪಾಲಿಗೆ ಕಡಲೆಂದರೆ ಉಳ್ಳಾಲದ ಉರೂಸ್‌ಗೆ ಹೋದಾಗ ದೂರದಿಂದ ಕಂಡ ನೀಲಿಗೆರೆ ಮಾತ್ರ. ಗಲ್ಫ್‌ನಿಂದ ರಜೆಯಲ್ಲಿ ಬರುವ ತಂದೆಯ ದಿನಗಳಾದರೋ ಮನೆ ರಿಪೇರಿ, ಮದುವೆ ಮಾತುಕತೆ, ಬ್ಯಾಂಕಿನ ಕೆಲಸ, ಊರಿನ ಪಂಚಾಯಿತಿಕೆಗಳಲ್ಲಿ ಕರಗಿಹೋಗುತ್ತವೆ. ತಂದೆಯೊಂದಿಗೆ ಒಂದು ಪೂರ್ಣ ದಿನವನ್ನು ಕಳೆಯುವ ಭಾಗ್ಯ ಮಕ್ಕಳಿಗೆ ಸಿಗುವುದೇ ಇಲ್ಲ.

ವಿಹಾರವೆಂದರೆ ಧರ್ಮಕ್ಕೆ ಹೊರತಾದ ವಿಷಯ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಇದು ಇಸ್ಲಾಮಿನ ಭಾವನೆಯಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭವನ್ನು ನೋಡುವಂತೆ ಪವಿತ್ರ ಕುರ್‌ಆನ್ ಅನ್‌ಕಬೂತ್ ಅಧ್ಯಾಯದಲ್ಲಿ ಆಹ್ವಾನಿಸುತ್ತದೆ. ನಹ್ಲ್ ಅಧ್ಯಾಯವು ಕಡಲನ್ನು, ಅದರ ತಾಜಾ ಆಹಾರವನ್ನು, ಅಲೆಗಳನ್ನು ಸೀಳಿ ಸಾಗುವ ಹಡಗುಗಳನ್ನು ಅಲ್ಲಾಹನ ಅನುಗ್ರಹಗಳೆಂದು ನೆನಪಿಸುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಪತ್ನಿ ಹ. ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ ಪ್ರಸಂಗ ಅಬೂದಾವೂದ್‌ನಲ್ಲಿದೆ. ಅಬಿಸೀನಿಯನ್ನರ ಆಟವನ್ನು ಅವರಿಗೆ ಸಾವಧಾನವಾಗಿ ತೋರಿಸಿದ ಘಟನೆ ಬುಖಾರಿಯಲ್ಲಿದೆ. ಮನೆಮಂದಿಯೊಂದಿಗೆ ಉತ್ತಮವಾಗಿ ವರ್ತಿಸುವವನೇ ನಿಮ್ಮಲ್ಲಿ ಉತ್ತಮನೆಂಬ ಅರ್ಥದ ಹದೀಸನ್ನು ನಾವು ಮದುವೆಯ ಭಾಷಣಗಳಲ್ಲಿ ಕೇಳುತ್ತಲೇ ಇದ್ದೇವೆ. ಮದುವೆಯ ನಂತರ ಅದು ಎಲ್ಲಿ ಹೋಗುತ್ತದೆ?

ಇನ್ನು ಈ ಕರಾವಳಿಯ ಮುಸ್ಲಿಮರಿಗೆ ಸಮುದ್ರವು ಪರಕೀಯವೂ ಅಲ್ಲ. ಅರಬ್ ವರ್ತಕರ ಹಡಗುಗಳೊಂದಿಗೇ ಇಸ್ಲಾಮಿನ ಸಂದೇಶವು ಈ ತೀರಕ್ಕೆ ಬಂತು. ಮಂಗಳೂರಿನ ಬಂದರ್‌ನಲ್ಲಿರುವ ಝೀನತ್ ಬಕ್ಷ್ ಮಸೀದಿಯನ್ನು ಪರಂಪರೆಯು ಮಾಲಿಕ್ ಬಿನ್ ದೀನಾರ್‌ರ ಕಾಲದೊಂದಿಗೆ ಜೋಡಿಸುತ್ತದೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿನ ಮುಸ್ಲಿಮ್ ವಸತಿಯ ಬಗ್ಗೆ ಬರೆದಿದ್ದಾನೆ. ಈ ಮಸೀದಿಯನ್ನೂ ಕಡಲನ್ನೂ ಒಂದೇ ದಿನ ತೋರಿಸಿ, ನಮ್ಮ ಹಿರಿಯರು ಬಂದ ದಾರಿ ಇದು ಎಂದು ಮಕ್ಕಳಿಗೆ ಹೇಳಿದರೆ ಅದಕ್ಕಿಂತ ಉತ್ತಮ ಇತಿಹಾಸದ ಪಾಠ ಬೇರೆ ಬೇಕೇ?

ಖರ್ಚಿನ ಮಾತಿಗೆ ಬರೋಣ. ಮದುವೆಯ ಹಾಲ್, ಬಗೆಬಗೆಯ ಊಟ, ಮೆಹಂದಿಯ ಅಲಂಕಾರಗಳಿಗೆ ಸಾಲ ಮಾಡಿಯಾದರೂ ಸುರಿಯುವ ಸಮುದಾಯವು ಮಕ್ಕಳ ಒಂದು ದಿನದ ಸಂತೋಷಕ್ಕೆ ಹಣವಿಲ್ಲ ಎನ್ನುತ್ತದೆ. ದುಂದುವೆಚ್ಚ ಮಾಡುವವರನ್ನು ಕುರ್‌ಆನ್ ಶೈತಾನನ ಸಹೋದರರೆಂದು ಕರೆದಿದೆ. ಆ ಎಚ್ಚರಿಕೆ ವಿಹಾರಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಸಾಲ ಮಾಡಿ ರೆಸಾರ್ಟ್ ಸೇರುವುದು, ನೆರೆಯವರು ಹೋದರೆಂದು ನಾವೂ ಹೋಗುವುದು, ಫೋಟೋಗಳನ್ನು ಹಂಚುವುದಕ್ಕಾಗಿಯೇ ಪ್ರಯಾಣಿಸುವುದು ಇವುಗಳನ್ನು ನಾವು ಶಿಫಾರಸು ಮಾಡುತ್ತಿಲ್ಲ. ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಮರಳುವ ಪ್ರವಾಸಕ್ಕೆ ಲಾಡ್ಜಿನ ಅಗತ್ಯವೇ ಇಲ್ಲ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬಿ.ಸಿ.ರೋಡ್ ಮತ್ತು ಬೆಳ್ತಂಗಡಿಯ ಮೂಲಕ ಧರ್ಮಸ್ಥಳ-ಮಂಗಳೂರು ಮಾರ್ಗದಲ್ಲಿ ಈ ಬಸ್ಸುಗಳಿವೆ. ಕರ್ನಾಟಕದ ವಿಳಾಸವಿರುವ ಗುರುತುಚೀಟಿ ಕೈಯಲ್ಲಿದ್ದರಾಯಿತು. ಮೂಡುಬಿದಿರೆಯ ಕಡೆ ಖಾಸಗಿ ಬಸ್ಸುಗಳೇ ಹೆಚ್ಚಾದುದರಿಂದ ಎರಡು ಮೂರು ಮನೆಯವರು ಸೇರಿ ಒಂದು ವ್ಯಾನ್ ಗೊತ್ತುಮಾಡಿಕೊಳ್ಳುವುದು ಲಾಭಕರ. ಅವರು ಕಿನ್ನಿಗೋಳಿಯ ಮೂಲಕ ಮೂಲ್ಕಿಗೆ ಹೋಗಿ, ಅಲ್ಲಿಂದ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಪಡುಬಿದ್ರಿ ತೀರಕ್ಕೂ ಹೋಗಬಹುದು. ಮಂಗಳೂರಿಗೆ ಬಂದವರಿಗೆ ಪಣಂಬೂರು ಹೆದ್ದಾರಿಗೆ ಸಮೀಪ. ಸುಲ್ತಾನ್ ಬತ್ತೇರಿಯನ್ನು ಮಕ್ಕಳಿಗೆ ತೋರಿಸಿ ಹೊಳೆ ದಾಟಿದರೆ ತಣ್ಣೀರುಬಾವಿ. ಆದರೆ ದೋಣಿ ಇದೆಯೇ, ಹಿಂದಿರುಗಲು ಕೊನೆಯ ಬಸ್ಸು ಯಾವುದು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನೈಚೋರನ್ನೋ ಪುಂಡಿಯನ್ನೋ ಮನೆಯಿಂದಲೇ ಕಟ್ಟಿಕೊಂಡರೆ ಹೋಟೆಲಿನ ಬಿಲ್ ಉಳಿಯುತ್ತದೆ. ಸಂಜೆ ಮಕ್ಕಳಿಗೆ ಒಂದೊಂದು ಪೊಟ್ಟಣ ಚರುಂಬುರಿ ಕೊಡಿಸಿದರೆ ಅದೇ ಅವರಿಗೆ ಹಬ್ಬ. ಬುತ್ತಿ ಕಟ್ಟುವ ಕೆಲಸದಲ್ಲಿ ಗಂಡಸರೂ ಕೈಜೋಡಿಸಲಿ. ಇಲ್ಲವಾದರೆ ಎಲ್ಲರ ರಜೆ ತಾಯಿಗೆ ಇಮ್ಮಡಿ ದುಡಿಮೆಯಾದೀತು.

ಕಾಲವನ್ನು ಆರಿಸುವುದರಲ್ಲಿ ವಿವೇಕ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮರಳು ಕಾದ ಹೆಂಚಿನಂತಿರುತ್ತದೆ. ಝುಹರ್‌ನ ಹೊತ್ತಿಗೆ ಪೇಟೆಯಲ್ಲಿದ್ದು, ಅಸರ್ ನಮಾಜಿನ ನಂತರ ತೀರಕ್ಕಿಳಿಯುವುದು ಸೂಕ್ತ. ಡಿಸೆಂಬರ್‌ನ ರಜೆ ಇದಕ್ಕಿಂತಲೂ ಹಿತಕರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್-ಜುಲೈಯಲ್ಲಿ ನೀರಿಗಿಳಿಯುವುದಿಲ್ಲ. ಹೊಳೆಯಲ್ಲಿ ಈಜಿ ಬೆಳೆದ ನಮ್ಮ ಹುಡುಗರು ಕಡಲನ್ನೂ ಹೊಳೆಯೆಂದೇ ಭಾವಿಸಿ ಮೋಸಹೋಗುತ್ತಾರೆ. ಮೇಲೆ ಶಾಂತವಾಗಿ ತೋರುವ ನೀರಿನಡಿಯ ಸೆಳೆತವು ಒಳ್ಳೆಯ ಈಜುಗಾರನನ್ನೂ ಎಳೆದೊಯ್ಯಬಲ್ಲದು. ಅಂತಹ ಸೆಳೆತಕ್ಕೆ ಸಿಕ್ಕವನು ನೇರ ದಡದತ್ತ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಜೀವರಕ್ಷಕರಿರುವ ಕಡೆಯಲ್ಲೇ ನೀರಿಗಿಳಿಯಬೇಕು. ಮಕ್ಕಳ ಮೇಲೆ ಕಣ್ಣಿಡುವ ಒಬ್ಬ ಹಿರಿಯನು ಆ ಹೊತ್ತು ಮೊಬೈಲನ್ನು ಕಿಸೆಯಿಂದ ತೆಗೆಯಬಾರದು.

ಇಷ್ಟೆಲ್ಲ ಹೇಳಿದರೂ ಹಲವು ತಂದೆಯರ ಮನಸ್ಸಿನಲ್ಲೊಂದು ಅಳುಕು ಉಳಿದಿರುತ್ತದೆ. ಅದು ಆಧಾರರಹಿತವಲ್ಲ. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲ್‌ನ ಹೋಮ್‌ಸ್ಟೇಗೆ ನುಗ್ಗಿ ಯುವಕ ಯುವತಿಯರನ್ನು ಥಳಿಸಲಾಯಿತು. 2023ರ ಜೂನ್ 1ರಂದು ಸೋಮೇಶ್ವರದ ಕಡಲತೀರದಲ್ಲಿ ಸಹಪಾಠಿನಿಯರೊಂದಿಗಿದ್ದ ಮೂವರು ಮುಸ್ಲಿಮ್ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು. ಆ ಬೆನ್ನಿಗೇ ಗೃಹಸಚಿವ ಜಿ. ಪರಮೇಶ್ವರ್ ಅವರು ಕೋಮು ವಿರೋಧಿ ದಳದ ರಚನೆಯನ್ನು ಘೋಷಿಸಿದರು. ತೀರದಲ್ಲಿ ಯಾರು ಯಾರೊಂದಿಗೆ ಕುಳಿತಿರಬೇಕೆಂದು ನಿರ್ಧರಿಸುವ ಅಧಿಕಾರವನ್ನು ಕಾನೂನು ಯಾವ ಗುಂಪಿಗೂ ಕೊಟ್ಟಿಲ್ಲ. ಅದನ್ನು ತಡೆಯುವುದು ಸರಕಾರದ ಹೊಣೆ. ಘೋಷಣೆಗಳಿಂದ ಆ ಹೊಣೆ ತೀರುವುದಿಲ್ಲ. ಆದರೆ ಹೆದರಿ ಮನೆಯಲ್ಲಿ ಕುಳಿತರೆ, ಸಾರ್ವಜನಿಕ ಸ್ಥಳಗಳು ತಮ್ಮವೇ ಎನ್ನುವವರ ವಾದಕ್ಕೆ ನಾವೇ ಸಹಿ ಹಾಕಿದಂತಾಗುತ್ತದೆ. ಪತ್ನಿ ಮಕ್ಕಳೊಂದಿಗೆ ಸಭ್ಯವಾಗಿ ತೀರದಲ್ಲಿ ಕುಳಿತು, ಪಕ್ಕದ ಚಾಪೆಯ ಹಿಂದೂ, ಕ್ರೈಸ್ತ ಕುಟುಂಬದೊಂದಿಗೆ ನಾಲ್ಕು ಮಾತನಾಡಿ ಬರುವ ಮುಸ್ಲಿಮ್ ಕುಟುಂಬವು ಸೌಹಾರ್ದಕ್ಕೆ ಮಾಡುವ ಸೇವೆಯು ಹತ್ತು ಸಮಾವೇಶಗಳಿಗಿಂತ ಕಡಿಮೆಯದೇನಲ್ಲ.

ನಮ್ಮೊಳಗಿನ ಕಾವಲುಗಾರರ ಬಗ್ಗೆಯೂ ಹೇಳಲೇಬೇಕು. ಪರ್ದಾ ಧರಿಸಿ ಗಂಡನೊಂದಿಗೆ ಅಲೆಗೆ ಕಾಲೊಡ್ಡಿದ ಮಹಿಳೆಯ ವೀಡಿಯೋವನ್ನು ಕದ್ದು ಚಿತ್ರೀಕರಿಸಿ, ಸಮುದಾಯ ಕೆಟ್ಟುಹೋಯಿತೆಂಬ ಟಿಪ್ಪಣಿಯೊಂದಿಗೆ ಹಂಚುವವನು ಧರ್ಮವನ್ನು ರಕ್ಷಿಸುತ್ತಿಲ್ಲ. ಇತರರ ಖಾಸಗಿ ವಿಷಯಗಳನ್ನು ಕೆದಕುವುದನ್ನು ಹುಜುರಾತ್ ಅಧ್ಯಾಯವು ಸ್ಪಷ್ಟವಾಗಿ ನಿಷೇಧಿಸಿದೆ. ಹೊರಗಿನವರ ಅನೈತಿಕ ಪೊಲೀಸ್‌ಗಿರಿಯನ್ನು ಖಂಡಿಸುವ ನಾಲಗೆಗೆ ಒಳಗಿನವರ ಪೊಲೀಸ್‌ಗಿರಿಯನ್ನು ಖಂಡಿಸುವ ಬಲವೂ ಇರಬೇಕು.

ಮೊಹಲ್ಲಾ ಕಮಿಟಿಗಳೂ ಮನಸ್ಸು ಮಾಡಬೇಕು. ಪ್ರಯಾಣದಲ್ಲಿರುವ ಮಹಿಳೆಯರಿಗೆ ಅಸರ್, ಮಗ್ರಿಬ್ ನಮಾಜ್ ನಿರ್ವಹಿಸಲು ಒಂದು ಕೋಣೆ, ಶುಚಿಯಾದ ಶೌಚಾಲಯ ಮತ್ತು ವುಝೂಗೆ ನೀರು ತೀರದ ಸಮೀಪದ ಮಸೀದಿಗಳಲ್ಲಿ ಸಿಗುವಂತಾದರೆ ಅದೆಷ್ಟೋ ಕುಟುಂಬಗಳ ಹಿಂಜರಿಕೆ ನೀಗುತ್ತದೆ. ವಿಧವೆಯರ, ಅನಾಥರ ಮಕ್ಕಳಿಗೆ ವರ್ಷಕ್ಕೊಮ್ಮೆ ಇಂತಹ ಪ್ರವಾಸವನ್ನು ಏರ್ಪಡಿಸುವುದು ಕಿಟ್ ವಿತರಣೆಯಷ್ಟೇ ಪುಣ್ಯದ ಕೆಲಸ. ತೀರದಿಂದ ಏಳುವಾಗ ತಾವು ಉಂಡ ತಾಣದ ಪ್ಲಾಸ್ಟಿಕನ್ನು ಹೆಕ್ಕುವ ಪಾಠವನ್ನೂ ಆ ಮಕ್ಕಳು ಕಲಿಯಲಿ. ದಾರಿಯ ತೊಡಕನ್ನು ನಿವಾರಿಸುವುದು ಈಮಾನಿನ ಭಾಗವೆಂದು ಪ್ರವಾದಿ(ಸ)ರು ಕಲಿಸಿದ್ದಾರಲ್ಲವೇ?

ಮಕ್ಕಳು ದೊಡ್ಡವರಾಗಿ ತಮ್ಮ ದಾರಿ ಹಿಡಿದ ಮೇಲೆ ನಾವು ಕೊಡಿಸಿದ ಬಟ್ಟೆಗಳನ್ನು ಅವರು ನೆನಪಿಡಲಾರರು. ಅಪ್ಪನ ಕೈಹಿಡಿದು ಅಲೆಗೆದುರಾಗಿ ನಿಂತ ಸಂಜೆಯನ್ನು ನೆನಪಿಡುತ್ತಾರೆ. ಈ ರಜೆಯಲ್ಲಿ ಒಂದು ದಿನವನ್ನು ಗುರುತು ಹಾಕೋಣ. ಮೊದಲು ಮನೆಯಾಕೆಯನ್ನು ಕೇಳೋಣ, ನಿಮಗೆ ಯಾವ ದಿನ ಅನುಕೂಲ ಎಂದು.